ಬೇಡದ ಅಂಚೆಯ ಹಾವಳಿ: ಮೂಲವನ್ನು ಮುಚ್ಚಿದರೆ ಏನಾಗುವುದು?

ಹಾಸನದಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯು ಸಕಲೇಶಪುರವನ್ನು ದಾಟಿದ ಮೇಲೆ ದೋಣಿಗಲ್ಲಿನ ಬಳಿ ಬೆಟ್ಟಗಳ ಅಂಚನ್ನು ಹಿಡಿದು ಶಿರಾಡಿ ಘಾಟಿಯ ಇಳಿಜಾರಿನತ್ತ ಸಾಗುವುದು. ಹಗಲಿರುಳೆನ್ನದೆ ಲಾರಿಗಳು ಓಡಾಡುವ ದಾರಿ ಇದು. ೨೦೨೨ರ ಜುಲೈ ತಿಂಗಳ ಮಳೆಯಲ್ಲಿ ದೋಣಿಗಲ್ಲಿನ ಬಳಿ ರಸ್ತೆ ಕುಸಿದು ಸಂಚಾರಕ್ಕೆ ತಡೆಯುಂಟಾಯಿತು. ಘಾಟಿ ಕಟ್ಟಿದಾಗಲೆಲ್ಲ ಏನಾಗುವುದೆಂಬುದು ಆ ಸೀಮೆಯವರಿಗೆ ಚೆನ್ನಾಗಿ ಗೊತ್ತು. ಮೊದಲ ದಿನ ದಾರಿ ಬಿಕೋ ಎನ್ನುವುದು. ಅನಂತರ ಕೆಲವು ವಾಹನಗಳು ಚಾರ್ಮಾಡಿಯ ಕಡೆಗೂ, ಕೆಲವು ಮಡಿಕೇರಿ ಸಂಪಾಜೆಗಳ ಕಡೆಗೂ, ಸಣ್ಣ ಗಾಡಿಗಳು ಬಿಸಿಲೆಯ ಕಡೆಗೂ ತಿರುಗುವುವು. ಮಂಗಳೂರನ್ನು ಮುಟ್ಟಬೇಕಾದ ಸರಕು ತಡವಾಗಿಯಾದರೂ ಮುಟ್ಟಿಯೇ ಮುಟ್ಟುವುದು. ಏಕೆಂದರೆ ಮುಚ್ಚಿದುದು ದಾರಿ ಮಾತ್ರ; ಲಾರಿಗಳು ಇದ್ದಲ್ಲಿಯೇ ಇವೆ, ಸರಕು ಸಾಗಿಸಿದರೆ ದೊರೆಯುವ ಬಾಡಿಗೆಯೂ ಇದ್ದೇ ಇದೆ.

ಇದಕ್ಕೆ ಹೋಲುವ ಒಂದು ಘಟನೆ ೨೦೦೮ನೆಯ ಇಸವಿಯಲ್ಲಿ ಇಂಟರ್ನೆಟ್ಟಿನಲ್ಲಿ ನಡೆಯಿತು. ಅಮೆರಿಕದ ಒಂದೇ ಒಂದು ಸಂಸ್ಥೆಯ ಸಂಪರ್ಕವನ್ನು ಕಡಿದೊಡನೆ ಜಗತ್ತಿನಾದ್ಯಂತ ಹರಿಯುತ್ತಿದ್ದ ಬೇಡದ ಇ-ಮೇಲುಗಳಲ್ಲಿ ಮೂರರಲ್ಲೆರಡು ಪಾಲು ಒಂದೇ ದಿನದಲ್ಲಿ ಕಾಣೆಯಾಯಿತು. ಆ ಇಳಿತ ಏಕೆ ಆಯಿತು, ಅದು ಏಕೆ ಉಳಿಯಲಿಲ್ಲ, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಬೇಡದ ಅಂಚೆ ಎಂದರೇನು?

ಕೇಳದೆ ಬರುವ, ಒಂದೇ ಒಕ್ಕಣೆಯನ್ನು ಲಕ್ಷೋಪಲಕ್ಷ ಮಂದಿಗೆ ಹಂಚುವ ಇ-ಮೇಲಿಗೆ ‘ಸ್ಪ್ಯಾಮ್’ ಎಂದು ಹೆಸರು. ಇದರ ಚರಿತ್ರೆ ಇಂಟರ್ನೆಟ್ಟಿಗಿಂತಲೂ ಹಳೆಯದು. ಇಂಟರ್ನೆಟ್ಟಿಗೆ ತಾಯಿಬೇರಾದ ಆರ್ಪಾನೆಟ್ ಎಂಬ ಜಾಲದಲ್ಲಿ ೧೯೭೮ರ ಮೇ ತಿಂಗಳಿನಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಎಂಬ ಕಂಪ್ಯೂಟರ್ ಕಂಪನಿಯ ಜಾಹೀರಾತೊಂದು ಸುಮಾರು ೪೦೦ ವಿಳಾಸಗಳಿಗೆ ಹೋಯಿತು. ಇದನ್ನೇ ಮೊದಲ ಸ್ಪ್ಯಾಮ್ ಎನ್ನುವುದು ವಾಡಿಕೆ. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಪರಿಸ್ಥಿತಿ ಎಷ್ಟು ಕೆಟ್ಟಿತೆಂದರೆ, ೨೦೦೮ರಲ್ಲಿ ಜಗತ್ತಿನಲ್ಲಿ ಓಡಾಡುತ್ತಿದ್ದ ನೂರು ಇ-ಮೇಲುಗಳಲ್ಲಿ ಎಂಬತ್ತಕ್ಕೂ ಹೆಚ್ಚು ಈ ಜಾತಿಯವೇ ಆಗಿದ್ದುವು.

ಇಷ್ಟು ಬೆಳೆಯಲು ಕಾರಣವಿಲ್ಲದೆ ಇಲ್ಲ. ಸಾಮಾನ್ಯ ಅಂಚೆಯಲ್ಲಿ ಕಾಗದ ಬರೆಯುವವನು ಚೀಟಿಯ ಬೆಲೆಯನ್ನು ತೆರಬೇಕು. ಹತ್ತು ಸಾವಿರ ಕಾಗದಕ್ಕೆ ಹತ್ತು ಸಾವಿರ ಚೀಟಿ ಬೇಕು. ಆದುದರಿಂದ ಕೊಳ್ಳುವವರು ಇರಬಹುದೆಂಬ ನಂಬಿಕೆ ಇರುವ ಕಡೆಗೆ ಮಾತ್ರ ವ್ಯಾಪಾರಿಯು ಕಾಗದ ಹಾಕುವನು. ಇ-ಮೇಲಿನಲ್ಲಿ ಹಾಗಲ್ಲ. ಕಳುಹಿಸುವವನಿಗೆ ಒಂದು ಪತ್ರಕ್ಕೆ ತಗಲುವ ವೆಚ್ಚವು ಇಲ್ಲವೆನ್ನುವಷ್ಟು ಅಲ್ಪ. ಅದನ್ನು ಹೊರುವ, ಸಂಗ್ರಹಿಸುವ, ಸೋಸುವ, ಓದಿ ಬಿಸಾಡುವ ವೆಚ್ಚವೆಲ್ಲ ಪಡೆಯುವವರ ಮೇಲೆ ಬೀಳುವುದು. ಕಳುಹಿಸುವವನ ಕೈಯನ್ನು ಹಿಡಿಯುವ ತೂಕವೇ ಇಲ್ಲದಿದ್ದರೆ ಅವನು ನಿಲ್ಲುವುದಾದರೂ ಏಕೆ?

ಕಳುಹಿಸುವ ಕೈಗಳು ಯಾರವು?

ಒಬ್ಬನೇ ಒಂದು ಕಂಪ್ಯೂಟರಿನಿಂದ ಕೋಟಿಗಟ್ಟಲೆ ಪತ್ರಗಳನ್ನು ಕಳುಹಿಸತೊಡಗಿದರೆ ಆ ಕಂಪ್ಯೂಟರಿನ ವಿಳಾಸ ಬೇಗನೆ ಬಯಲಾಗುವುದು. ಪತ್ರಗಳನ್ನು ಸ್ವೀಕರಿಸುವ ಸಂಸ್ಥೆಗಳು ಆ ವಿಳಾಸವನ್ನು ಕಪ್ಪುಪಟ್ಟಿಗೆ ಸೇರಿಸಿ ಬಾಗಿಲು ಹಾಕುವುವು. ಆದುದರಿಂದ ಈ ದಂಧೆಯವರು ಬೇರೆ ಉಪಾಯವನ್ನು ಕಂಡುಕೊಂಡರು. ಮನೆಗಳಲ್ಲಿ, ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಇರುವ ಪರರ ಕಂಪ್ಯೂಟರುಗಳೊಳಗೆ ಮೋಸದಿಂದ ಒಂದು ಪುಟ್ಟ ಪ್ರೋಗ್ರಾಮನ್ನು ನುಗ್ಗಿಸುವುದು; ಅದು ಅಲ್ಲಿ ಸದ್ದಿಲ್ಲದೆ ಕುಳಿತು, ದೂರದ ಒಡೆಯನ ಅಪ್ಪಣೆಯಂತೆ ಪತ್ರಗಳನ್ನು ಕಳುಹಿಸುವುದು. ಹೀಗೆ ಸೋಂಕು ತಗಲಿದ ಕಂಪ್ಯೂಟರಿಗೆ ‘ಬಾಟ್’ ಎಂದೂ, ಇಂಥವುಗಳ ದಂಡಿಗೆ ‘ಬಾಟ್‌ನೆಟ್’ ಎಂದೂ ಹೆಸರು.

ಕಾಫಿ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಅರೇಬಿಕಾ ಗಿಡದ ಕಾಂಡವನ್ನು ಬೋರರ್ ಹುಳು ಹೊಕ್ಕಾಗ ಗಿಡವು ಮೇಲೆ ಕೆಲಕಾಲ ಹಸಿರಾಗಿಯೇ ತೋರುವುದು. ಒಳಗೆ ಹುಳುವಿನ ಕೆಲಸ ನಡೆದೇ ಇರುವುದು. ಸೋಂಕಿತ ಕಂಪ್ಯೂಟರೂ ಹಾಗೆಯೇ. ಒಡೆಯನಿಗೆ ಯಂತ್ರವು ಸ್ವಲ್ಪ ನಿಧಾನವಾದಂತೆ ತೋರಬಹುದು, ಅಷ್ಟೇ. ತನ್ನ ಮೇಜಿನ ಮೇಲಿನ ಯಂತ್ರ ರಾತ್ರಿಯೆಲ್ಲ ಪರದೇಶದವರಿಗೆ ಸುಳ್ಳು ಔಷಧಿಯ ಜಾಹೀರಾತನ್ನು ಹಂಚುತ್ತಿದೆಯೆಂದು ಅವನು ಕನಸಿನಲ್ಲಿಯೂ ಎಣಿಸಿರುವುದಿಲ್ಲ.

ಇಂಥ ದಂಡಿನ ಶಕ್ತಿ ಎಷ್ಟಿರಬಹುದು? ೨೦೦೮ರಲ್ಲಿ ಸ್ರಿಜ್ಬಿ ಎಂಬ ಬಾಟ್‌ನೆಟ್ಟಿನಲ್ಲಿ ಸುಮಾರು ನಾಲ್ಕೂವರೆ ಲಕ್ಷ ಕಂಪ್ಯೂಟರುಗಳಿದ್ದುವೆಂದು ಅಂದಾಜು. ಒಂದೊಂದು ಯಂತ್ರವೂ ಸೆಕೆಂಡಿಗೆ ಒಂದೇ ಪತ್ರವನ್ನು ಕಳುಹಿಸುವುದೆಂದು ಭಾವಿಸೋಣ. ದಿನಕ್ಕೆ ೮೬,೪೦೦ ಸೆಕೆಂಡುಗಳು. ಗುಣಿಸಿ ನೋಡಿದರೆ ದಿನವೊಂದಕ್ಕೆ ೩,೮೮೮ ಕೋಟಿ ಪತ್ರಗಳಾಗುವುವು. ಭೂಮಿಯ ಮೇಲಿನ ಪ್ರತಿಯೊಬ್ಬ ಮನುಷ್ಯನಿಗೂ ನಾಲ್ಕಕ್ಕಿಂತ ಹೆಚ್ಚು!

ಸ್ಯಾನ್ ಹೋಸೆಯ ಘಟನೆ

ಇಷ್ಟು ದೊಡ್ಡ ದಂಡಿಗೆ ಅಪ್ಪಣೆ ಕೊಡಲು ಒಂದು ಆಜ್ಞಾಕೇಂದ್ರ ಬೇಕಷ್ಟೆ. ಯಾರಿಗೆ ಬರೆಯಬೇಕು, ಏನು ಬರೆಯಬೇಕು ಎಂಬುದನ್ನು ಬಾಟುಗಳು ಆಗಾಗ ಆ ಕೇಂದ್ರವನ್ನು ಕೇಳಿ ತಿಳಿಯುತ್ತವೆ. ಆಜ್ಞಾಕೇಂದ್ರವೆಂದರೆ ಸದಾ ಜಾಲಕ್ಕೆ ಅಂಟಿಕೊಂಡಿರುವ ಒಂದು ಸರ್ವರು. ಇಂಥ ಸರ್ವರುಗಳಿಗೆ ಸ್ಥಳ, ವಿದ್ಯುತ್ತು, ಸಂಪರ್ಕಗಳನ್ನು ಬಾಡಿಗೆಗೆ ಒದಗಿಸುವುದೇ ಹೋಸ್ಟಿಂಗ್ ಸಂಸ್ಥೆಗಳ ವ್ಯವಹಾರ. ಬಹುಪಾಲು ಸಂಸ್ಥೆಗಳು ದೂರು ಬಂದೊಡನೆ ಅಂಥ ಬಾಡಿಗೆದಾರನನ್ನು ಹೊರಹಾಕುವುವು. ಕೆಲವು ಮಾತ್ರ ದೂರನ್ನು ಕೇಳಿಯೂ ಕೇಳದಂತೆ ಇರುವುವು. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಹೋಸೆ ನಗರದಲ್ಲಿದ್ದ ಮೆಕ್‌ಕೋಲೊ ಎಂಬ ಸಂಸ್ಥೆ ಇಂಥದೆಂದು ಹೆಸರಾಗಿತ್ತು. ಸ್ರಿಜ್ಬಿ, ರಸ್ಟಾಕ್, ಮೆಗಾ-ಡಿ ಮೊದಲಾದ ದೊಡ್ಡ ಬಾಟ್‌ನೆಟ್ಟುಗಳ ಆಜ್ಞಾಕೇಂದ್ರಗಳು ಅಲ್ಲಿದ್ದುವು.

ಯಾವ ಹೋಸ್ಟಿಂಗ್ ಸಂಸ್ಥೆಯೂ ತಾನಾಗಿಯೇ ಇಂಟರ್ನೆಟ್ಟಲ್ಲ. ತನಗಿಂತ ದೊಡ್ಡ ಜಾಲಗಳಿಂದ ಅದು ಸಂಪರ್ಕವನ್ನು ಕೊಳ್ಳಬೇಕು. ಮೆಕ್‌ಕೋಲೊವಿಗೆ ಹೀಗೆ ಸಂಪರ್ಕ ಕೊಟ್ಟಿದ್ದ ಮುಖ್ಯ ಸಂಸ್ಥೆಗಳು ಗ್ಲೋಬಲ್ ಕ್ರಾಸಿಂಗ್ ಮತ್ತು ಹರಿಕೇನ್ ಎಲೆಕ್ಟ್ರಿಕ್. ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವರದಿಗಾರ ಬ್ರಯನ್ ಕ್ರೆಬ್ಸ್ ಎಂಬವರು, ಸಂಶೋಧಕರು ಕೂಡಿಹಾಕಿದ್ದ ಸಾಕ್ಷ್ಯವನ್ನು ಈ ಸಂಸ್ಥೆಗಳ ಮುಂದಿಟ್ಟರು. ೨೦೦೮ರ ನವೆಂಬರ್ ೧೧ರಂದು ಎರಡೂ ಸಂಸ್ಥೆಗಳು ತಂತಮ್ಮ ಸಂಪರ್ಕವನ್ನು ಕಡಿದುವು. ಸ್ಯಾನ್ ಹೋಸೆಯಲ್ಲಿ ಅದು ಮಧ್ಯಾಹ್ನ. ನಮ್ಮಲ್ಲಿ ೧೨ನೆಯ ತಾರೀಖಿನ ಬೆಳಗು ಇನ್ನೂ ಹರಿದಿರಲಿಲ್ಲ.

ಪರಿಣಾಮವು ಕೂಡಲೆ ಗೋಚರವಾಯಿತು. ಸ್ಪ್ಯಾಮನ್ನು ಅಳೆಯುವ ಸಂಸ್ಥೆಯೊಂದರ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು ೪೦ ಇದ್ದ ಪತ್ರಗಳು ಸುಮಾರು ೧೦ಕ್ಕೆ ಇಳಿದುವು. ಬೇರೆ ಅಳತೆಗಳಲ್ಲಿ ಇಳಿತವು ಮೂರರಲ್ಲೆರಡು ಪಾಲಿನಷ್ಟಿತ್ತು. ಪ್ರಯೋಗಶಾಲೆಯಲ್ಲಿ ಒಂದು ವ್ಯವಸ್ಥೆಯ ಯಾವ ಭಾಗ ಎಷ್ಟು ಕೆಲಸ ಮಾಡುತ್ತಿದೆಯೆಂದು ತಿಳಿಯಬೇಕಾದರೆ, ಆ ಭಾಗವೊಂದನ್ನೇ ಕಡಿದು ಉಳಿದುದನ್ನು ಅಳೆಯುವ ಕ್ರಮವುಂಟು. ಅಂದು ನಡೆದುದು, ಯಾರೂ ಉದ್ದೇಶಿಸದಿದ್ದರೂ, ಅಂಥದೇ ಒಂದು ಪ್ರಯೋಗ. ಜಗತ್ತಿನ ಬೇಡದ ಅಂಚೆಯ ಬಹುಪಾಲಿಗೆ ಅಪ್ಪಣೆ ಹೊರಡುತ್ತಿದ್ದುದು ಬೆರಳೆಣಿಕೆಯ ಕೇಂದ್ರಗಳಿಂದ ಎಂಬುದು ಅದರಿಂದ ಸಿದ್ಧವಾಯಿತು.

ಇಲ್ಲಿ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಘಾಟಿಯ ಉಪಮಾನ ಈ ಹಂತದಲ್ಲಿ ಪೂರ್ತಿ ಹೊಂದುವುದಿಲ್ಲ. ಲಾರಿಗಳು ಘಾಟಿಯ ಮೂಲಕವೇ ಹೋಗಬೇಕು. ಸ್ಪ್ಯಾಮ್ ಪತ್ರಗಳು ಮೆಕ್‌ಕೋಲೊವಿನ ಮೂಲಕ ಹೋಗುತ್ತಿರಲಿಲ್ಲ. ಅವು ಜಗತ್ತಿನ ಲಕ್ಷಾಂತರ ಮನೆಗಳಿಂದ ನೇರವಾಗಿ ಹೊರಡುತ್ತಿದ್ದುವು. ಮೆಕ್‌ಕೋಲೊವಿನಿಂದ ಬರುತ್ತಿದ್ದುದು ಅಪ್ಪಣೆ ಮಾತ್ರ. ಆದುದರಿಂದ ಅಂದು ಮುಚ್ಚಿದುದು ರಸ್ತೆಯಲ್ಲ. ಸಾವಿರಾರು ಲಾರಿಗಳನ್ನು ನಡೆಸುತ್ತಿದ್ದ ಕಚೇರಿಯ ಟೆಲಿಫೋನು. ಲಾರಿಗಳೆಲ್ಲ ಇಂಜಿನ್ನು ಆರಿಸದೆ, ನಿಂತಲ್ಲಿಯೇ ಮುಂದಿನ ಮಾತಿಗೆ ಕಾದು ನಿಂತುವು.

ಮತ್ತೆ ಏರಿದುದು ಹೇಗೆ?

ಹೀಗೆ ಕಾದು ನಿಂತ ದಂಡನ್ನು ಮತ್ತೆ ವಶಪಡಿಸಿಕೊಳ್ಳಲು ಅದರ ಒಡೆಯರು ತಡಮಾಡಲಿಲ್ಲ. ನವೆಂಬರ್ ೧೫ರಂದು, ಮತ್ತೊಂದು ದೊಡ್ಡ ಜಾಲವಾದ ಟೆಲಿಯಾಸೊನೆರಾದ ಮೂಲಕ ಮೆಕ್‌ಕೋಲೊವಿಗೆ ಕೆಲವು ಗಂಟೆಗಳ ಕಾಲ ಸಂಪರ್ಕ ದೊರೆಯಿತು. ವಿಷಯ ತಿಳಿದೊಡನೆ ಆ ಸಂಸ್ಥೆಯೂ ಅದನ್ನು ಕಡಿಯಿತು. ಆದರೆ ಆ ಅಲ್ಪಾವಧಿಯಲ್ಲಿಯೇ ರಸ್ಟಾಕಿನ ಒಡೆಯರು ತಮ್ಮ ಬಾಟುಗಳಿಗೆ ಹೊಸ ಆಜ್ಞಾಕೇಂದ್ರದ ವಿಳಾಸವನ್ನು ಮುಟ್ಟಿಸಿಬಿಟ್ಟರು. ಹೊಸ ಕೇಂದ್ರವಿದ್ದುದು ರಷ್ಯಾದಲ್ಲಿ.

ಸ್ರಿಜ್ಬಿಯ ಉಪಾಯ ಇನ್ನೂ ಜಾಣತನದ್ದು. ಆಜ್ಞಾಕೇಂದ್ರದಿಂದ ಉತ್ತರ ಬಾರದಿದ್ದರೆ, ಆ ದಿನದ ತಾರೀಖನ್ನು ಒಂದು ಸೂತ್ರಕ್ಕೆ ಅಳವಡಿಸಿ ಕೆಲವು ಹೊಸ ವಿಳಾಸಗಳನ್ನು ತಾನೇ ಲೆಕ್ಕಹಾಕಿ, ಅಲ್ಲಿ ಒಡೆಯನಿರುವನೇ ಎಂದು ಹುಡುಕುವಂತೆ ಆ ಪ್ರೋಗ್ರಾಮನ್ನು ರಚಿಸಲಾಗಿತ್ತು. ಜಾತ್ರೆಯಲ್ಲಿ ತಪ್ಪಿಸಿಕೊಂಡರೆ ಇಂಥ ದಿನ ಇಂಥ ಮರದಡಿ ಸೇರೋಣವೆಂದು ಮೊದಲೇ ಮಾತಾಡಿಕೊಂಡಂತೆ ಇದು. ಫೈರ್‌ಐ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು ಈ ಸೂತ್ರವನ್ನು ಬಿಡಿಸಿದರು. ಮುಂದೆ ಬರಲಿರುವ ವಿಳಾಸಗಳನ್ನು ತಾವೇ ಮೊದಲು ನೋಂದಾಯಿಸಿ ಕಳ್ಳರಿಗೆ ಸಿಗದಂತೆ ಮಾಡಿದರು. ಆದರೆ ಪ್ರತಿಯೊಂದು ವಿಳಾಸಕ್ಕೂ ಹಣ ತೆರಬೇಕು. ವೆಚ್ಚ ಏರುತ್ತ ಹೋದುದರಿಂದ ಅವರು ಅದನ್ನು ನಿಲ್ಲಿಸಬೇಕಾಯಿತು. ನವೆಂಬರ್ ತಿಂಗಳ ಕೊನೆಯ ವಾರದಲ್ಲಿ ದಂಧೆಯವರು ಆ ವಿಳಾಸಗಳನ್ನು ಕೊಂಡು, ಎಸ್ಟೋನಿಯಾ ದೇಶದಲ್ಲಿ ಸರ್ವರುಗಳನ್ನಿಟ್ಟು ತಮ್ಮ ದಂಡನ್ನು ಮತ್ತೆ ಕರೆದರು. ಆ ಸರ್ವರುಗಳೂ ಬೇಗನೆ ಮುಚ್ಚಿಹೋದುವು. ಸ್ರಿಜ್ಬಿ ತನ್ನ ಹಿಂದಿನ ಬಲವನ್ನು ಮತ್ತೆ ಪಡೆಯಲಿಲ್ಲ. ಆದರೆ ಅದು ತೆರವು ಮಾಡಿದ ಸ್ಥಳವನ್ನು ಬೇರೆ ಬಾಟ್‌ನೆಟ್ಟುಗಳು ತುಂಬಿದುವು. ೨೦೦೯ರ ಮಾರ್ಚ್ ತಿಂಗಳ ಹೊತ್ತಿಗೆ, ಎಂದರೆ ನಾಲ್ಕೇ ತಿಂಗಳುಗಳಲ್ಲಿ, ಸ್ಪ್ಯಾಮಿನ ಪ್ರವಾಹ ಮೊದಲಿನ ಮಟ್ಟವನ್ನು ಮುಟ್ಟಿತು.

ಕೊಳ್ಳುವವರು ಎಷ್ಟು ಮಂದಿ?

ಇಷ್ಟೆಲ್ಲ ಕಷ್ಟಪಟ್ಟು ಮರಳಿ ಬರಬೇಕಾದರೆ ಇದರಲ್ಲಿ ಲಾಭವಿರಲೇಬೇಕು. ಎಷ್ಟು ಲಾಭ? ಅದೇ ೨೦೦೮ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಮತ್ತು ಸ್ಯಾನ್ ಡಿಯಾಗೊ ಶಾಖೆಗಳ ಸಂಶೋಧಕರು ಇದನ್ನು ಅಳೆದರು. ಸ್ಟಾರ್ಮ್ ಎಂಬ ಬಾಟ್‌ನೆಟ್ಟಿನ ಒಂದು ಸಣ್ಣ ಭಾಗದೊಳಕ್ಕೆ ಅವರು ನುಸುಳಿದರು. ಅಲ್ಲಿಂದ ಹೊರಡುತ್ತಿದ್ದ ಔಷಧಿಯ ಜಾಹೀರಾತುಗಳಲ್ಲಿ ಅಂಗಡಿಯ ವಿಳಾಸವನ್ನು ಬದಲಿಸಿ, ಓದುಗರು ತಾವೇ ರಚಿಸಿದ ನಿರಪಾಯವಾದ ಹುಸಿ ಅಂಗಡಿಗೆ ಬರುವಂತೆ ಮಾಡಿದರು. ಅಲ್ಲಿ ಯಾರ ಹಣವನ್ನೂ ಪಡೆಯುತ್ತಿರಲಿಲ್ಲ. ಕೊಳ್ಳಲು ಸಿದ್ಧರಾದವರೆಷ್ಟು ಮಂದಿ ಎಂಬುದನ್ನು ಮಾತ್ರ ಎಣಿಸುತ್ತಿದ್ದರು. ೨೬ ದಿನಗಳಲ್ಲಿ ಸುಮಾರು ೩೫ ಕೋಟಿ ಪತ್ರಗಳು ಹೋದುವು. ಕೊಳ್ಳಲು ಮುಂದಾದವರು ೨೮ ಮಂದಿ!

ಭಾಗಿಸಿದರೆ ಒಂದೂಕಾಲು ಕೋಟಿ ಪತ್ರಗಳಿಗೆ ಒಬ್ಬ ಗಿರಾಕಿ. ೨೦೧೧ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ ೬ ಕೋಟಿ ೧೧ ಲಕ್ಷ. ಹಸುಗೂಸಿನಿಂದ ಹಿಡಿದು ಮುದುಕರವರೆಗೆ ನಾಡಿನ ಪ್ರತಿಯೊಬ್ಬರಿಗೂ ಒಂದೊಂದು ಪತ್ರ ಹಾಕಿದರೂ ಐದು ಮಂದಿ ಗಿರಾಕಿಗಳು ಸಿಗಲಾರರು. ಆದರೂ ವ್ಯಾಪಾರ ನಡೆಯುವುದು. ಏಕೆಂದರೆ ಉಳಿದ ಕೋಟ್ಯಂತರ ಪತ್ರಗಳ ಖರ್ಚು ಅವನದಲ್ಲ. ಆ ೨೮ ಮಂದಿಯಿಂದ ಬರಬಹುದಾಗಿದ್ದ ಹಣ ಸುಮಾರು ೨,೭೩೦ ಡಾಲರು. ಸಂಶೋಧಕರ ಕಣ್ಣಿಗೆ ಬಿದ್ದುದು ಸ್ಟಾರ್ಮ್ ದಂಡಿನ ನೂರರಲ್ಲಿ ಒಂದೂವರೆ ಪಾಲು ಮಾತ್ರ ಎಂಬುದನ್ನು ನೆನೆದರೆ, ಮುಚ್ಚಿದ ಬಾಗಿಲನ್ನು ಮತ್ತೆ ಮತ್ತೆ ತಟ್ಟುವ ಹಟ ಎಲ್ಲಿಂದ ಬರುವುದೆಂಬುದು ಅರ್ಥವಾಗುವುದು.

ಯಾವ ಕ್ರಮ ಹೆಚ್ಚು ಬಾಳುವುದು?

ಮೆಕ್‌ಕೋಲೊವಿನ ಅನಂತರ ಇಂಥ ಕಾರ್ಯಾಚರಣೆಗಳು ಹಲವು ನಡೆದುವು. ೨೦೦೯ರ ಜೂನ್ ತಿಂಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯದ ಆಜ್ಞೆ ಪಡೆದು ೩ಎಫ್‌ಎನ್ ಎಂಬ ಹೋಸ್ಟಿಂಗ್ ಸಂಸ್ಥೆಯನ್ನು ಮುಚ್ಚಿಸಿತು. ಈ ಸಲ ಸ್ಪ್ಯಾಮಿನ ಇಳಿತವು ಹಿಂದಿನಷ್ಟು ಆಗಲಿಲ್ಲ, ಬೇಗನೆ ಸರಿತೂಗಿತು. ದಂಧೆಯವರೂ ಪಾಠ ಕಲಿತಿದ್ದರು. ಮೊಟ್ಟೆಗಳನ್ನೆಲ್ಲ ಒಂದೇ ಬುಟ್ಟಿಯಲ್ಲಿಡದೆ ಆಜ್ಞಾಕೇಂದ್ರಗಳನ್ನು ಹಲವು ದೇಶಗಳಲ್ಲಿ ಹರಡಿದ್ದರು.

೨೦೧೧ರ ಮಾರ್ಚ್ ೧೬ರಂದು ಮೈಕ್ರೋಸಾಫ್ಟ್ ಸಂಸ್ಥೆಯು ನ್ಯಾಯಾಲಯದ ಆಜ್ಞೆಯೊಡನೆ ರಸ್ಟಾಕಿನ ಸರ್ವರುಗಳನ್ನು ಅಮೆರಿಕದ ಏಳು ನಗರಗಳಲ್ಲಿ ಏಕಕಾಲದಲ್ಲಿ ವಶಪಡಿಸಿಕೊಂಡಿತು. ಕೆಲಸ ಅಲ್ಲಿಗೆ ನಿಲ್ಲಲಿಲ್ಲ. ಬಾಟುಗಳು ಒಡೆಯನನ್ನು ಹುಡುಕಿ ಬಂದಾಗ ಯಾವ ವಿಳಾಸದಿಂದ ಬಂದುವೆಂಬುದನ್ನು ಗುರುತಿಸಿ, ಆಯಾ ದೇಶದ ಸಂಪರ್ಕ ಸಂಸ್ಥೆಗಳಿಗೆ ತಿಳಿಸಿ, ಯಂತ್ರಗಳನ್ನು ಶುದ್ಧಿ ಮಾಡಿಸುವ ಪ್ರಯತ್ನ ನಡೆಯಿತು. ಕೆಲವೇ ತಿಂಗಳುಗಳಲ್ಲಿ ರಸ್ಟಾಕ್ ಸೋಂಕು ಅರ್ಧಕ್ಕಿಂತ ಕೆಳಗಿಳಿಯಿತು. ಸೋಂಕು ಹೆಚ್ಚಾಗಿದ್ದ ದೇಶಗಳ ಸಾಲಿನಲ್ಲಿ ಭಾರತ ಮುಂದಿತ್ತೆಂಬುದನ್ನು ನಾವು ಮರೆಯಬಾರದು. ರಸ್ಟಾಕ್ ಮತ್ತೆ ತಲೆಯೆತ್ತಲಿಲ್ಲ. ಕಚೇರಿಯ ಟೆಲಿಫೋನನ್ನು ಕಡಿದುದರ ಜೊತೆಗೆ ಲಾರಿಗಳನ್ನೂ ಬಿಡಿಸಿಕೊಂಡುದರ ಫಲ ಇದು.

ಇನ್ನು ಬಾಡಿಗೆಯ ಮಾತು. ಅದೇ ೨೦೧೧ರಲ್ಲಿ ಪ್ರಕಟವಾದ, ಸ್ಯಾನ್ ಡಿಯಾಗೊ ಸಂಶೋಧಕರ ಮತ್ತೊಂದು ಅಧ್ಯಯನವು ಸ್ಪ್ಯಾಮಿನ ಮೂಲಕ ಮಾರಾಟವಾಗುತ್ತಿದ್ದ ವಸ್ತುಗಳ ಹಣ ಎಲ್ಲಿಗೆ ಹೋಗುವುದೆಂದು ಬೆನ್ನಟ್ಟಿ ನೋಡಿತು. ಪತ್ರ ಕಳುಹಿಸುವ ಯಂತ್ರಗಳು ಲಕ್ಷಗಟ್ಟಲೆ, ಅಂಗಡಿಗಳ ವಿಳಾಸಗಳು ಸಾವಿರಗಟ್ಟಲೆ. ಆದರೆ ಔಷಧಿ, ನಕಲಿ ಸರಕು, ಸಾಫ್ಟ್‌ವೇರುಗಳ ಈ ವ್ಯಾಪಾರದಲ್ಲಿ ನೂರಕ್ಕೆ ೯೫ ಪಾಲಿನ ಹಣ ಬೆರಳೆಣಿಕೆಯ ಬ್ಯಾಂಕುಗಳ ಮೂಲಕ ಹಾಯುತ್ತಿತ್ತು. ಸರ್ವರನ್ನು ಬದಲಿಸಲು ಗಂಟೆಗಳು ಸಾಕು. ಇಂಥ ವ್ಯವಹಾರಕ್ಕೆ ಒಪ್ಪುವ ಹೊಸ ಬ್ಯಾಂಕನ್ನು ಹುಡುಕುವುದು ಅಷ್ಟು ಸುಲಭವಲ್ಲ. ನಿಜವಾದ ಇಕ್ಕಟ್ಟಿನ ಘಾಟಿ ಇದ್ದುದು ಅಲ್ಲಿ.

ಮುಚ್ಚುವ ಅಧಿಕಾರ ಯಾರದು?

ಈ ಕಥೆಯಲ್ಲಿ ವಿಜ್ಞಾನಕ್ಕೆ ಮೀರಿದ ಒಂದು ಪ್ರಶ್ನೆಯೂ ಉಂಟು. ಮೆಕ್‌ಕೋಲೊವನ್ನು ಜಾಲದಿಂದ ಕಡಿದವರು ನ್ಯಾಯಾಧೀಶರಲ್ಲ, ಪೋಲೀಸರೂ ಅಲ್ಲ. ಎರಡು ಖಾಸಗಿ ಕಂಪನಿಗಳು. ಅಂದು ಅವರು ಮಾಡಿದುದರಿಂದ ಲೋಕಕ್ಕೆ ಒಳ್ಳೆಯದೇ ಆಯಿತು. ಆದರೆ ನಾಳೆ ಇದೇ ರೀತಿಯಲ್ಲಿ ಯಾರೋ ಒಬ್ಬರ ದೂರಿನ ಮೇಲೆ ಒಂದು ಪತ್ರಿಕೆಯ ಸಂಪರ್ಕ ಕಡಿದರೆ? ೩ಎಫ್‌ಎನ್ ಮುಚ್ಚಿದಾಗ ಅಲ್ಲಿ ನ್ಯಾಯವಾಗಿ ಬಾಡಿಗೆ ಕೊಟ್ಟಿದ್ದ ಕೆಲವರ ವ್ಯವಹಾರವೂ ನಿಂತಿತು. ಕಾನೂನಿನ ಮಾತುಗಳು ಅಸ್ಪಷ್ಟವಾದರೆ ಆಗುವ ಕೇಡನ್ನು ನಮ್ಮ ದೇಶವೂ ಕಂಡಿದೆ. ಪಡೆದವರಿಗೆ ಕಿರಿಕಿರಿಯಾಗುವ, ಮೂಲವನ್ನು ಮರೆಮಾಚುವ ಇ-ಮೇಲುಗಳಿಗೂ ಶಿಕ್ಷೆ ವಿಧಿಸುತ್ತಿದ್ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೬೬ಎ ಕಲಮು ಸಾಮಾನ್ಯ ಜನರ ಮಾತಿಗೂ ಕೊರಳುಪಟ್ಟಿಯಾದುದರಿಂದ, ೨೦೧೫ರ ಮಾರ್ಚ್ ೨೪ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಮಾಡಿತು. ಆದುದರಿಂದ ಬಾಗಿಲು ಮುಚ್ಚುವುದಾದರೆ ಸಾಕ್ಷ್ಯವನ್ನು ಬಹಿರಂಗವಾಗಿ ಇಟ್ಟು, ನ್ಯಾಯಾಲಯದ ಕಣ್ಣೆದುರಿಗೆ ಮುಚ್ಚುವ ಕ್ರಮವೇ ಲೇಸು. ಅದು ತಡವಾಗಬಹುದು, ರಸ್ಟಾಕಿನ ಪ್ರಸಂಗ ತೋರಿಸುವಂತೆ, ಹಾಗೆ ಮಾಡಿದ ಕೆಲಸ ನಿಲ್ಲುವುದೂ ಉಂಟು.

ನಮ್ಮ ಪಾಲಿನ ಕೆಲಸ

ಇಂದಿಗೂ ಜಗತ್ತಿನ ಇ-ಮೇಲುಗಳಲ್ಲಿ ಹೆಚ್ಚು ಕಡಿಮೆ ಅರ್ಧ ಭಾಗ ಸ್ಪ್ಯಾಮೇ ಆಗಿದೆ. ಸೋಸುವ ಯಂತ್ರಗಳು ಉತ್ತಮಗೊಂಡಿರುವುದರಿಂದ ಅದರ ಬಹುಭಾಗ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ. ಇದು ದೂರದ ಊರಿನವರ ತೊಂದರೆಯೆಂದು ತಿಳಿಯುವುದು ತಪ್ಪು. ದೋಣಿಗಲ್ಲಿನ ಒಂದು ತೋಟದ ಮನೆಯ ಕಂಪ್ಯೂಟರಿಗೆ ಸೋಂಕು ತಗಲಿತೆನ್ನಿ. ಅದು ಸ್ಪ್ಯಾಮ್ ಹಂಚತೊಡಗಿದ ಮೇಲೆ ಆ ಸಂಪರ್ಕದ ವಿಳಾಸ ಕಪ್ಪುಪಟ್ಟಿಗೆ ಸೇರುವುದು. ಸಂಪರ್ಕ ಸಂಸ್ಥೆಗಳು ಒಂದೇ ವಿಳಾಸವನ್ನು ಹಲವರಿಗೆ ಸರದಿಯಂತೆ ಕೊಡುವುದುಂಟು. ಹೀಗಾಗಿ, ನಾಳೆ ಅದೇ ವಿಳಾಸ ದೊರೆತ ನೆರೆಯವನು ತನ್ನ ಸಣ್ಣ ಕಚೇರಿಯ ಯಂತ್ರದಿಂದಲೇ ಕಾಫಿ ಕೊಳ್ಳುವವರಿಗೆ ಬರೆದ ನಿಜವಾದ ಪತ್ರವೂ ಬಾಗಿಲಲ್ಲೇ ತಿರಸ್ಕೃತವಾಗಬಹುದು. ತಪ್ಪು ಮಾಡದವನು ದಂಡ ತೆತ್ತಂತಾಯಿತು.

ಭಾರತ ಸರ್ಕಾರವು ೨೦೧೭ರ ಫೆಬ್ರವರಿಯಲ್ಲಿ ಸೈಬರ್ ಸ್ವಚ್ಛತಾ ಕೇಂದ್ರವನ್ನು ಆರಂಭಿಸಿತು. ಬಾಟುಗಳನ್ನು ಕಂಡುಹಿಡಿದು ಅಳಿಸುವ ಸಾಧನಗಳನ್ನು ಅದು ಜನರಿಗೆ ಉಚಿತವಾಗಿ ಒದಗಿಸುತ್ತಿದೆ. ಅದನ್ನು ಬಳಸುವುದು, ಯಂತ್ರದ ಸಾಫ್ಟ್‌ವೇರನ್ನು ಆಗಾಗ ಪರಿಷ್ಕರಿಸುವುದು, ಕದ್ದ ಸಾಫ್ಟ್‌ವೇರನ್ನು ಹಾಕಿಕೊಳ್ಳದಿರುವುದು, ಗುರುತಿಲ್ಲದವರು ಕಳುಹಿಸಿದ ಕಡತವನ್ನು ತೆರೆಯದಿರುವುದು, ಸ್ಪ್ಯಾಮಿನಲ್ಲಿ ಬಂದ ಸರಕನ್ನು ಎಂದಿಗೂ ಕೊಳ್ಳದಿರುವುದು: ಇವು ಪ್ರತಿಯೊಬ್ಬರ ಕೈಯಲ್ಲಿರುವ ಕೆಲಸಗಳು. ಕೊನೆಯದು ಮುಖ್ಯ. ಒಂದೂಕಾಲು ಕೋಟಿಯಲ್ಲಿ ಒಬ್ಬ ಕೊಂಡರೆ ಸಾಕು, ಉಳಿದವರೆಲ್ಲರಿಗೂ ಪತ್ರ ಬರುತ್ತಲೇ ಇರುವುದು.

ಬೋರರ್ ಹೊಕ್ಕ ಗಿಡವನ್ನು ಕಿತ್ತು ಸುಡುವ ತೋಟಗಾರನು ತನ್ನ ತೋಟವನ್ನಷ್ಟೇ ಅಲ್ಲ, ಪಕ್ಕದ ತೋಟವನ್ನೂ ಕಾಯುವನು. ಕೀಳದೆ ಬಿಟ್ಟವನು ಇಬ್ಬರನ್ನೂ ಕೆಡಿಸುವನು. ಕೇಡಿನ ಕಚೇರಿಯನ್ನು ಮುಚ್ಚುವುದು ಅಗತ್ಯವೇ ಸರಿ. ಅದರಿಂದ ದೊರೆಯುವುದು ನಾಲ್ಕು ತಿಂಗಳ ಬಿಡುವು. ಆ ಬಿಡುವಿನಲ್ಲಿ ಯಂತ್ರಗಳನ್ನು ಶುದ್ಧಿ ಮಾಡಿ, ಹಣದ ದಾರಿಯನ್ನು ಕಟ್ಟಿದರೆ ಮಾತ್ರ ಮುಚ್ಚಿದುದು ಸಾರ್ಥಕವಾಗುವುದು.